ಮಂತ್ರಿಗಳು ಒಟ್ಟಿಗೆ ಸೇರ್ತಾರೆ, ಎಂಪಿಗಳು ಸೇರಲ್ವಾ? ಯುರೋಪಿನ ಸೈನ್ಯದ ತೀರ್ಮಾನಗಳನ್ನು ಪ್ರಶ್ನಿಸುವವರು ಯಾರು?

ಹಾಸನದ_ಮೇಷ್ಟ್ರು:
ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಮೊನ್ನೆ ಯುರೋಪಿಯನ್ ಒಕ್ಕೂಟದ ಪಾಠ ನಡೆಯುತ್ತಿತ್ತು. ವಿದೇಶಾಂಗ, ಭದ್ರತೆ, ರಕ್ಷಣೆ ವಿಷಯಕ್ಕೆ 27 ದೇಶದ ಮಂತ್ರಿಗಳು ಒಂದು ಕೋಣೆಯಲ್ಲಿ ಕೂರುತ್ತಾರೆ, ಸಾಮಾನ್ಯವಾಗಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಆಗುತ್ತದೆ ಎಂದು ಹೇಳಿದೆ. ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಮಂತ್ರಿಗಳು ಒಟ್ಟಿಗೆ ಸೇರ್ತಾರೆ, ಸರಿ. ಅವರನ್ನ ಪ್ರಶ್ನೆ ಕೇಳೋ ಎಂಪಿಗಳು ಒಟ್ಟಿಗೆ ಸೇರಲ್ವಾ?"

ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಆದರೆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಒಂದು ದೇಶದ ಪಾರ್ಲಿಮೆಂಟು ತನ್ನ ಮಂತ್ರಿಯನ್ನು ಮಾತ್ರ ಹಿಡಿದು ಕೇಳಬಹುದು. ಆ ಮಂತ್ರಿ ಊರಿಗೆ ಬಂದು "ನಾನೊಬ್ಬನೇ ಅಲ್ಲ, 27 ಜನ ಸೇರಿ ಒಪ್ಪಿದ್ದು" ಅಂದುಬಿಟ್ಟರೆ ಮುಂದೇನು? ಯುರೋಪಿನಲ್ಲಿ ಇರುವವರು, ಗೊತ್ತಿರುವವರು ತಿಳಿಸಿ. ಸೋಮವಾರ ಕ್ಲಾಸಿದೆ.

ಬ್ರಸೆಲ್ಸ್_ಬಸಣ್ಣ:
ಸೇರುತ್ತಾರೆ ಸಾರ್. ಹುಡುಗಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ.

ಒಕ್ಕೂಟದ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದ 2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಜೊತೆಗಿರುವ ಮೊದಲನೇ ಪ್ರೋಟೋಕಾಲ್, ಅಂದರೆ ಪೂರಕ ಒಪ್ಪಂದ, ಪೂರ್ತಿ ದೇಶಗಳ ಪಾರ್ಲಿಮೆಂಟುಗಳ ಬಗ್ಗೆಯೇ ಇದೆ. ಅದರ 10ನೇ ವಿಧಿ, ವಿದೇಶಾಂಗ ಮತ್ತು ರಕ್ಷಣಾ ನೀತಿಯ ಮೇಲೆ ಪಾರ್ಲಿಮೆಂಟುಗಳು ಸೇರಿ ಸಮ್ಮೇಳನ ಮಾಡಬಹುದು ಅನ್ನುತ್ತದೆ. 2012ರಲ್ಲಿ ವಾರ್ಸಾದಲ್ಲಿ ಸ್ಪೀಕರ್‌ಗಳು ಸೇರಿ ಅದಕ್ಕೊಂದು ರೂಪ ಕೊಟ್ಟರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೈಪ್ರಸ್‌ನ ಪಾಫೋಸ್‌ನಲ್ಲಿ ಮೊದಲ ಸಭೆ. ಆಮೇಲೆ ಆರು ತಿಂಗಳಿಗೊಂದು. ಪ್ರತಿ ದೇಶದಿಂದ 6 ಜನ, ಯುರೋಪಿಯನ್ ಪಾರ್ಲಿಮೆಂಟಿನಿಂದ 16. ಎರಡು ಸದನ ಇರುವ ದೇಶದವರು ಆ ಆರನ್ನೇ ಹಂಚಿಕೊಳ್ಳಬೇಕು. ಒಕ್ಕೂಟ ಸೇರಲು ಕಾದಿರುವ ದೇಶಗಳು ಮತ್ತು ಒಕ್ಕೂಟದ ಹೊರಗಿದ್ದರೂ ನೇಟೋ ಸೇನಾ ಕೂಟದಲ್ಲಿರುವ ಯುರೋಪಿನ ದೇಶಗಳಿಂದ ತಲಾ ನಾಲ್ಕು ವೀಕ್ಷಕರು ಬರಬಹುದು. ಒಕ್ಕೂಟದ ವಿದೇಶಾಂಗ ಮುಖ್ಯಸ್ಥರನ್ನು ಕರೆದು ಎದುರಿಗೆ ಕೂರಿಸಿಕೊಳ್ಳುತ್ತಾರೆ. ಈಗ ಆ ಜಾಗದಲ್ಲಿ ಕಾಯಾ ಕಲ್ಲಾಸ್ ಇದ್ದಾರೆ.

ದಾವಣಗೆರೆ_ನೇರಮಾತು:
ಆ ಸಭೆಯ ನಿರ್ಣಯ ಯಾರನ್ನಾದರೂ ಕಟ್ಟಿಹಾಕುತ್ತಾ?

ಬ್ರಸೆಲ್ಸ್_ಬಸಣ್ಣ:
ಇಲ್ಲ. ಒಮ್ಮತ ಆದರೆ ನಿರ್ಣಯ ಮಾಡುತ್ತಾರೆ. ಅದಕ್ಕೆ ಯಾರೂ ಬದ್ಧರಲ್ಲ. ಸ್ವಂತ ಕಚೇರಿಯೂ ಇಲ್ಲ, ಆ ಸರದಿಯಲ್ಲಿ ಅಧ್ಯಕ್ಷತೆ ವಹಿಸಿದ ದೇಶದ ಪಾರ್ಲಿಮೆಂಟೇ ಮುಖ್ಯವಾಗಿ ನೋಡಿಕೊಳ್ಳಬೇಕು.

ದಾವಣಗೆರೆ_ನೇರಮಾತು:
ಹಾಗಾದ್ರೆ ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ? ಆರು ತಿಂಗಳಿಗೊಮ್ಮೆ ಸೇರುವ ಹೊತ್ತಿಗೆ ಹಡಗು ಹೋಗಿರುತ್ತದೆ, ಸೈನಿಕ ಹೋಗಿರುತ್ತಾನೆ, ಗುಂಡೂ ಹಾರಿರುತ್ತದೆ. ಮೇಷ್ಟ್ರೇ, ಮಕ್ಕಳಿಗೆ ಇದನ್ನು ದೊಡ್ಡ ಪ್ರಜಾಪ್ರಭುತ್ವ ಅಂತ ಹೇಳಿಕೊಡಬೇಡಿ.

ಕುಂದಾಪ್ರ_ಸೀಮ್ಯಾನ್:
ನೇರಮಾತು ಅವರೇ, ಹಡಗು ಹೋಗಿರುತ್ತದೆ ಅಂದಿರಲ್ಲ, ಆ ಹಡಗಿನ ಬಗ್ಗೆ ಒಂದು ಮಾತು ಹೇಳುತ್ತೇನೆ ಮಾರಾಯ್ರೆ.

2010. ನಾನು ಒಂದು ಸರಕು ಹಡಗಿನಲ್ಲಿ ಥರ್ಡ್ ಮೇಟ್, ಅಂದರೆ ಕಿರಿಯ ಅಧಿಕಾರಿ. ಏಡನ್ ಕೊಲ್ಲಿ ದಾಟಬೇಕಿತ್ತು. ಸೊಮಾಲಿಯಾದ ಕಡಲ್ಗಳ್ಳರ ಕಾಟ ಜೋರಾಗಿದ್ದ ಕಾಲ. ಎರಡು ದಿನ ಮೊದಲೇ ಡೆಕ್ಕಿನ ಅಂಚಿಗೆ ಸುತ್ತಲೂ ಮುಳ್ಳುತಂತಿ ಸುತ್ತಿದೆವು. ನನ್ನ ಎರಡೂ ಅಂಗೈ ಹರಿದಿದ್ದವು, ಕೈಗವಸು ಹಾಕಿದ್ದರೂ. ಬೆಂಕಿ ಆರಿಸುವ ಪೈಪುಗಳನ್ನು ಹೊರಗೆ ಮುಖ ಮಾಡಿ ಕಟ್ಟಿದೆವು. ಎಂಜಿನ್ ರೂಮಿನ ಪಕ್ಕದ ಕೋಣೆಗೆ ನೀರು, ಬಿಸ್ಕತ್ತು, ರೇಡಿಯೋ ಇಟ್ಟೆವು. ಕಳ್ಳರು ಹತ್ತಿದರೆ ಎಲ್ಲರೂ ಅಲ್ಲಿಗೆ ಓಡಿ ಒಳಗಿಂದ ಬಾಗಿಲು ಹಾಕಿಕೊಳ್ಳಬೇಕು. ಮನೆಗೆ ಫೋನ್ ಮಾಡಿದಾಗ ಅಮ್ಮನಿಗೆ ಇದ್ಯಾವುದೂ ಹೇಳಲಿಲ್ಲ.

ಒಂದೇ ವೇಗದ ಹಡಗುಗಳನ್ನು ಗುಂಪು ಮಾಡಿ ದಾಟಿಸುತ್ತಿದ್ದರು. ಬೆಳಗಿನ ಜಾವ ನನ್ನ ಕಾವಲು ಪಾಳಿ. ವಿಎಚ್‌ಎಫ್ ಚಾನೆಲ್ 16ರಲ್ಲಿ ಒಂದು ದನಿ ಬಂತು. ಯುರೋಪಿಯನ್ ಒಕ್ಕೂಟದ ಯುದ್ಧನೌಕೆ, ನಿಮ್ಮ ಎಡಕ್ಕೆ ಇದ್ದೇವೆ, ಎಲ್ಲ ಸರಿಯಾಗಿದೆಯಾ ಎಂದು ಕೇಳಿತು. ಬೈನಾಕ್ಯುಲರ್‌ನಲ್ಲಿ ನೋಡಿದೆ, ಬೂದು ಬಣ್ಣದ ಜರ್ಮನ್ ಫ್ರಿಗೇಟ್. ಆ ಕ್ಷಣದ ನೆಮ್ಮದಿ ಇವತ್ತಿಗೂ ಮರೆತಿಲ್ಲ. ಅದನ್ನು ಯಾವ ಸಭೆ ಕಳಿಸಿತ್ತು, ಯಾರು ಕೈ ಎತ್ತಿದ್ದರು, ನನಗೆ ಗೊತ್ತಿರಲಿಲ್ಲ.

ಬಾನ್_ಭಟ್ರು:
ಸೀಮ್ಯಾನ್ ಅವರೇ, ಕೈ ಎತ್ತಿದವರು ಯಾರೆಂದು ನಾನು ಹೇಳಬಲ್ಲೆ. ಅದು ಅಟಲಾಂಟಾ ಕಾರ್ಯಾಚರಣೆ, ಒಕ್ಕೂಟ 2008ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು. ಸೊಮಾಲಿಯಾಕ್ಕೆ ಅನ್ನ ಒಯ್ಯುವ ವಿಶ್ವ ಆಹಾರ ಕಾರ್ಯಕ್ರಮದ ಹಡಗುಗಳನ್ನು ಕಾಯುವುದು ಅದರ ಮೊದಲ ಕೆಲಸವಾಗಿತ್ತು. ಮಂತ್ರಿಗಳು ಬ್ರಸೆಲ್ಸ್‌ನಲ್ಲಿ ಒಪ್ಪಿದರು ಅಂತ ಜರ್ಮನ್ ಹಡಗು ಹೊರಡಲು ಆಗುವುದಿಲ್ಲ. ಬುಂಡೆಸ್ಟಾಗ್, ಅಂದರೆ ಜರ್ಮನಿಯ ಪಾರ್ಲಿಮೆಂಟು, ಒಪ್ಪಲೇಬೇಕು. 1994ರ ಜುಲೈಯಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ ಹಾಗೆ ತೀರ್ಪು ಕೊಟ್ಟಿತು. 2005ರಲ್ಲಿ ಅದಕ್ಕೊಂದು ಕಾನೂನೂ ಆಯಿತು.

ಸರ್ಕಾರ ಪಾರ್ಲಿಮೆಂಟಿನ ಮುಂದೆ ಇಡುವ ಕೋರಿಕೆ ಕೆಲವೇ ಪುಟದ್ದು. ಯಾರು ಬೇಕಾದರೂ ಓದಬಹುದು. ಯಾವ ಸಮುದ್ರ, ಏನು ಕೆಲಸ, ಹೆಚ್ಚೆಂದರೆ ಎಷ್ಟು ಸೈನಿಕರು, ಎಷ್ಟು ಖರ್ಚು, ಯಾವ ದಿನಕ್ಕೆ ಮುಗಿಯುತ್ತದೆ, ಎಲ್ಲ ಅದರಲ್ಲಿ ಇರಲೇಬೇಕು. ಅಟಲಾಂಟಾಕ್ಕೆ ಶುರುವಿನಲ್ಲಿ ಗರಿಷ್ಠ 1,400 ಜನ. ಅವಧಿ ಮುಗಿದಂತೆ ಮತ್ತೆ ಬಂದು ಒಪ್ಪಿಗೆ ಕೇಳಬೇಕು.

2012ರ ಕಥೆ ಇನ್ನೂ ಮುಖ್ಯ. ಕಳ್ಳರ ದೋಣಿ, ಇಂಧನದ ಡ್ರಮ್ಮುಗಳನ್ನು ದಡದ ಮೇಲೂ ಹೊಡೆಯಬಹುದು ಎಂದು ಒಕ್ಕೂಟ ಮಾರ್ಚ್‌ನಲ್ಲಿ ತೀರ್ಮಾನಿಸಿತು. ಸಾರ್ವಜನಿಕರಿಗೆ ಸಿಕ್ಕ ತೀರ್ಮಾನದಲ್ಲಿ ಇದ್ದದ್ದು "ಕರಾವಳಿ ಪ್ರದೇಶ" ಅಂತ ಮಾತ್ರ. ಕರಾವಳಿ ಅಂದ್ರೆ ಎಷ್ಟು ಒಳಗೆ? ಏಪ್ರಿಲ್ ತಿಂಗಳಲ್ಲಿ ಬುಂಡೆಸ್ಟಾಗ್‌ಗೆ ಬಂದ ಕೋರಿಕೆಯಲ್ಲಿ ಅಂಕಿ ಇತ್ತು. ಗರಿಷ್ಠ 2,000 ಮೀಟರ್. ಜರ್ಮನ್ ಸೈನಿಕ ಇದಕ್ಕಾಗಿ ನೆಲದ ಮೇಲೆ ಇಳಿಯುವಂತಿಲ್ಲ ಅಂತಲೂ ಬರೆದಿತ್ತು. ಜೋರು ಚರ್ಚೆ ಆಗಿ ಮೇ ತಿಂಗಳಲ್ಲಿ ಮತಕ್ಕೆ ಹೋಯಿತು.

ಮಂಡ್ಯ_ಲಾಯರ್:
ಭಟ್ರೇ, ಒಂದು ತಿದ್ದುಪಡಿ. ಓದಿದರೆ ಬುಂಡೆಸ್ಟಾಗ್ ಆ 2,000 ಮೀಟರ್ ಸೇರಿಸಿತು ಅನ್ನಿಸುತ್ತದೆ. ಆ ಕಾನೂನಿನ ಪ್ರಕಾರ ಕೋರಿಕೆಯ ಪಠ್ಯವನ್ನು ಬುಂಡೆಸ್ಟಾಗ್ ತಿದ್ದುವಂತಿಲ್ಲ. ಹೌದು ಅನ್ನಬೇಕು, ಇಲ್ಲ ಅನ್ನಬೇಕು, ಅಷ್ಟೇ. ಅಂಕಿ ಬರೆದದ್ದು ಸರ್ಕಾರವೇ.

ಬಾನ್_ಭಟ್ರು:
ಸರಿ ಲಾಯರ್ ಸಾಹೇಬ್ರೇ, ಒಪ್ಪಿದೆ. ತಿದ್ದಲು ಆಗುವುದಿಲ್ಲ. ಆದರೆ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು, ಅದೂ ಅದೇ ಕಾನೂನಿನಲ್ಲಿದೆ. ಇನ್ನೊಂದು ಮಾತು. ನಾಳೆ ನೂರಾರು ಜನ ಎಂಪಿಗಳು ಓದಿ ಮತ ಹಾಕುತ್ತಾರೆ ಎಂದು ಗೊತ್ತಿರುವ ಸರ್ಕಾರ, "ಕರಾವಳಿ ಪ್ರದೇಶ" ಅಂತ ಸುಮ್ನೆ ಬರೆದು ಕಳಿಸುವುದಿಲ್ಲ.

ದಾವಣಗೆರೆ_ನೇರಮಾತು:
ನನ್ನ ವಾದಕ್ಕೇ ಬಲ ಬಂತು ನೋಡಿ. ಬಲ ಇರೋದು ಅವರವರ ಊರಿನ ಪಾರ್ಲಿಮೆಂಟಿನಲ್ಲಿ. ಬುಂಡೆಸ್ಟಾಗ್ ಗಟ್ಟಿ ಇದೆ, ಕೇಳುತ್ತದೆ. ಹಾಗಾದರೆ 27 ದೇಶದವರು ಪಾಫೋಸ್‌ಗೆ ಯಾಕೆ ಹೋಗಬೇಕು?

ತುಮಕೂರು_ಶೈಲಾ:
ಯುರೋಪಿಯನ್ ಪಾರ್ಲಿಮೆಂಟ್ ಇದೆಯಲ್ಲ? ಅಲ್ಲಿ ಎಲ್ಲ ದೇಶದವರೂ ಇದ್ದಾರೆ. ಅವರೇ ಕೇಳಬಹುದಲ್ವಾ?

ಬ್ರಸೆಲ್ಸ್_ಬಸಣ್ಣ:
ಶೈಲಾ ಮೇಡಂ, ಎಲ್ಲರಿಗೂ ಬರುವ ಅನುಮಾನ ಇದು. ವ್ಯಾಪಾರ, ಪರಿಸರ, ಬಜೆಟ್ಟಿನಲ್ಲಿ ಯುರೋಪಿಯನ್ ಪಾರ್ಲಿಮೆಂಟಿಗೆ ನಿಜವಾದ ಅಧಿಕಾರ ಇದೆ. ವಿದೇಶಾಂಗ ಮತ್ತು ರಕ್ಷಣೆಯಲ್ಲಿ ಇಲ್ಲ. ಅಲ್ಲಿ ಕಾನೂನು ಅನ್ನುವುದೇ ಹುಟ್ಟುವುದಿಲ್ಲ, ಎಲ್ಲವೂ ಮಂತ್ರಿಗಳ ತೀರ್ಮಾನ. ಯುರೋಪಿಯನ್ ಒಕ್ಕೂಟದ ಒಪ್ಪಂದದ 36ನೇ ವಿಧಿ ಪ್ರಕಾರ ಪಾರ್ಲಿಮೆಂಟಿನ ಅಭಿಪ್ರಾಯ ಕೇಳುತ್ತಾರೆ, ವರ್ಷಕ್ಕೆ ಎರಡು ಸಲ ಚರ್ಚೆ. ಸೇನಾ ಕಾರ್ಯಾಚರಣೆಯ ಖರ್ಚನ್ನು ಒಕ್ಕೂಟದ ಬಜೆಟ್ಟಿನಿಂದ ಕೊಡುವಂತಿಲ್ಲ ಎಂದು 41ನೇ ವಿಧಿ ಹೇಳುತ್ತದೆ. ಹಾಗಾಗಿ ದುಡ್ಡಿನ ಹಗ್ಗವೂ ಅವರ ಕೈಯಲ್ಲಿಲ್ಲ. 2021ರಲ್ಲಿ ಶುರುವಾದ ಯುರೋಪಿಯನ್ ಶಾಂತಿ ನಿಧಿಯನ್ನೇ ನೋಡಿ. ಉಕ್ರೇನಿಗೆ ಆಯುಧ ಕೊಟ್ಟ ದೇಶಗಳಿಗೆ ಅದರಿಂದ ಹಣ ಹೋಗಿದೆ. ಮಿತಿ 1,700 ಕೋಟಿ ಯೂರೋ ದಾಟಿದೆ. ಅದು ಪೂರ್ತಿ ಬಜೆಟ್ಟಿನ ಹೊರಗೆ.

2025ರ ಮೇ ತಿಂಗಳಲ್ಲಿ 15,000 ಕೋಟಿ ಯೂರೋ ರಕ್ಷಣಾ ಸಾಲದ ಯೋಜನೆ ಬಂತು. ತುರ್ತು ವಿಧಿ ಬಳಸಿ, ಪಾರ್ಲಿಮೆಂಟನ್ನು ಬದಿಗಿಟ್ಟು ಮಾಡಿದ್ದು. ಯುರೋಪಿಯನ್ ಪಾರ್ಲಿಮೆಂಟು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು.

ಮತ್ತೊಂದು ವಿಷಯ. ಒಕ್ಕೂಟ ನಮ್ಮ ಅಧಿಕಾರದೊಳಗೆ ಕೈ ಹಾಕುತ್ತಿದೆ ಎಂದು ದೇಶಗಳ ಪಾರ್ಲಿಮೆಂಟುಗಳು ಹಳದಿ ಕಾರ್ಡ್ ತೋರಿಸುವ ವ್ಯವಸ್ಥೆ ಇದೆ. ಅದು ಕಾನೂನಿನ ಕರಡಿಗೆ ಮಾತ್ರ. ಇಲ್ಲಿ ಕಾನೂನೇ ಇಲ್ಲ, ಕಾರ್ಡೂ ಇಲ್ಲ.

ಗಂಗಾವತಿ_ಗೆಳೆಯ:
ಸಂಸತ್ತು ಅನ್ನೋ ಒಳ್ಳೆ ಪದ ಇರುವಾಗ ಎಲ್ಲರೂ ಪಾರ್ಲಿಮೆಂಟು ಪಾರ್ಲಿಮೆಂಟು ಅಂತಿದ್ದೀರಲ್ಲ?

ಹಾಸನದ_ಮೇಷ್ಟ್ರು:
ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಪಾರ್ಲಿಮೆಂಟು ಅಂತಲೇ ಅನ್ನುತ್ತಾರೆ ಗೆಳೆಯರೇ. ಎರಡೂ ನಮ್ಮದೇ. ಚರ್ಚೆ ಬೇರೆ ಕಡೆ ಹೋಗುವುದು ಬೇಡ.

ಡಬ್ಲಿನ್_ಮಲ್ಲಿಗೆ:
ಹನ್ನೊಂದು ವರ್ಷದಿಂದ ಡಬ್ಲಿನ್‌ನಲ್ಲಿ ನರ್ಸ್. ಇಲ್ಲಿ ಇದು ಬರೀ ಕಾಗದದ ವಿಷಯವಲ್ಲ, ಜನ ಮನೆಯಲ್ಲಿ ಕೂತು ಮಾತಾಡುತ್ತಾರೆ. ನನ್ನ ಪಕ್ಕದ ಮನೆಯ ಅಜ್ಜಿಯ ಮಗ ಲೆಬನಾನ್‌ನಲ್ಲಿ ವಿಶ್ವಸಂಸ್ಥೆಯ ಪಡೆಯಲ್ಲಿದ್ದ. ಐರಿಶ್ ಸೈನಿಕರು 1978ರಿಂದ ಅಲ್ಲಿಗೆ ಹೋಗುತ್ತಿದ್ದಾರೆ. ಅಜ್ಜಿಯ ಅಡುಗೆಮನೆ ಕಿಟಕಿ ಮೇಲೆ ನೀಲಿ ಟೋಪಿ ಹಾಕಿದ ಮಗನ ಫೋಟೋ. ಟೀ ಕುಡಿಯುವಾಗ ಅಜ್ಜಿ ನನಗೆ ಮೂರು ಬೀಗದ ಲೆಕ್ಕ ಹೇಳಿಕೊಟ್ಟರು. ಹನ್ನೆರಡಕ್ಕಿಂತ ಜಾಸ್ತಿ ಸೈನಿಕರನ್ನು ಇಂಥ ಕೆಲಸಕ್ಕೆ ಹೊರಗೆ ಕಳಿಸಬೇಕಾದರೆ ವಿಶ್ವಸಂಸ್ಥೆ ಹೂಂ ಅನ್ನಬೇಕು, ಸರ್ಕಾರ ಹೂಂ ಅನ್ನಬೇಕು, ಡಾಯ್ಲ್ ಅಂದರೆ ಇಲ್ಲಿನ ಕೆಳಮನೆ ಹೂಂ ಅನ್ನಬೇಕು. ಈಗ ವಿಶ್ವಸಂಸ್ಥೆಯ ಬೀಗ ತೆಗೆಯಲು ಸರ್ಕಾರ ಹೊರಟಿದೆ. ಭದ್ರತಾ ಮಂಡಳಿಯಲ್ಲಿ ಯಾರೋ ವೀಟೋ ಹಾಕಿದರೆ ನಮ್ಮ ಕೈ ಯಾಕೆ ಕಟ್ಟಬೇಕು ಅನ್ನುವುದು ಅವರ ವಾದ. ಅಜ್ಜಿಗೆ ಅದು ಒಪ್ಪಿಗೆ ಇಲ್ಲ. ನನಗೂ ಇಲ್ಲ.

ನೆದರ್‌ಲ್ಯಾಂಡ್ಸ್_ನಾಗೇಶ್:
ಮಲ್ಲಿಗೆ ಅಕ್ಕ, ನಾನು ಆ ಕಡೆಯವನು. ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ ಬಾಗಿಲಿಗೆ ಮೂರು ಬೀಗ ಇಟ್ಟುಕೊಂಡು ಕೂರುವ ಕಾಲ ಇದಲ್ಲ. ಫ್ರಾನ್ಸಿನ ಪದ್ಧತಿ ನೋಡಿ. ಅಲ್ಲಿನ ಸಂವಿಧಾನದಲ್ಲಿ 2008ರಲ್ಲಿ ತಿದ್ದಿದ 35ನೇ ವಿಧಿ ಪ್ರಕಾರ ಸರ್ಕಾರ ಸೈನ್ಯ ಕಳಿಸಿ ಮೂರು ದಿನದೊಳಗೆ ಪಾರ್ಲಿಮೆಂಟಿಗೆ ತಿಳಿಸಬೇಕು. ನಾಲ್ಕು ತಿಂಗಳು ದಾಟಿದರೆ ಮಾತ್ರ ಅನುಮತಿ ಬೇಕು. ಕೆಲಸ ನಿಲ್ಲುವುದಿಲ್ಲ, ಲೆಕ್ಕವೂ ತಪ್ಪುವುದಿಲ್ಲ. ಡೆನ್ಮಾರ್ಕಿನವರು ಮೂವತ್ತು ವರ್ಷ ಒಕ್ಕೂಟದ ರಕ್ಷಣಾ ನೀತಿಯಿಂದ ಹೊರಗಿದ್ದವರು, 2022ರ ಜೂನ್‌ನಲ್ಲಿ ಜನಮತ ಮಾಡಿ ಒಳಗೆ ಬಂದರು. ಮೂರರಲ್ಲಿ ಎರಡು ಪಾಲು ಜನ ಹೌದು ಅಂದರು.

ಡಬ್ಲಿನ್_ಮಲ್ಲಿಗೆ:
ನಾಗೇಶ, ಡೆನ್ಮಾರ್ಕಿನವರು ಜನರನ್ನು ಕೇಳಿ ಒಳಗೆ ಬಂದರು. ನಾನು ಹೇಳುತ್ತಿರುವುದೂ ಅದೇ ಅಲ್ವಾ ತಮ್ಮಾ? ಕೇಳಿ ಮಾಡಲಿ.

ಲಕ್ಸಂಬರ್ಗ್_ಸೌಂಡ್:
ನೇರಮಾತು ಅವರ ಪ್ರಶ್ನೆಗೆ, ಪಾಫೋಸ್‌ಗೆ ಯಾಕೆ ಹೋಗಬೇಕು ಅಂದದ್ದಕ್ಕೆ, ನನ್ನ ಅನುಭವ. ನಾನು ಸಮ್ಮೇಳನಗಳಿಗೆ ಮೈಕು, ಹೆಡ್‌ಫೋನು, ಅನುವಾದಕರ ಕ್ಯಾಬಿನ್ ಜೋಡಿಸುವ ಕೆಲಸದವನು. ಬೇರೆ ಬೇರೆ ದೇಶದ ಎಂಪಿಗಳು ಸೇರುವ ಇಂಥ ಸಭೆಗಳಲ್ಲಿ ಹಿಂದಿನ ಬೂತಿನಲ್ಲಿ ಕೂತಿದ್ದೇನೆ. ಒಬ್ಬೊಬ್ಬರಿಗೆ ಒಂದೆರಡು ನಿಮಿಷ. ಪರದೆ ಮೇಲೆ ಗಡಿಯಾರ ಇಳಿಯುತ್ತದೆ. ಕೆಂಪಾದರೆ ಮೈಕು ಆರಿಸಬೇಕು. ಆ ಗುಂಡಿ ನನ್ನ ಕೈಯಲ್ಲಿ.

ವೇದಿಕೆಯ ಭಾಷಣ ನೋಡಿದರೆ ನೇರಮಾತು ಹೇಳಿದ್ದೇ ನಿಜ ಅನ್ನಿಸುತ್ತದೆ. ಆದರೆ ಒಂದು ಸಲ ಕಾಫಿ ವಿರಾಮದಲ್ಲಿ ವೈರ್ ಸುತ್ತುತ್ತಿದ್ದೆ. ಸಣ್ಣ ದೇಶದ ಎಂಪಿಯೊಬ್ಬಳು ದೊಡ್ಡ ದೇಶದ ಎಂಪಿಯ ಹತ್ತಿರ ಬಂದು ಕೇಳಿದಳು, ಈ ಕಾರ್ಯಾಚರಣೆಯ ಖರ್ಚನ್ನು ನಿಮ್ಮ ಸರ್ಕಾರ ನಿಮಗೆ ಹೇಳಿದೆಯಾ ಅಂತ. ಅವನು ಚೀಲದಿಂದ ಕಾಗದ ತೆಗೆದು ಪುಟ ತೋರಿಸಿದ. ಅವಳು ಫೋನಿನಲ್ಲಿ ಫೋಟೋ ಹೊಡೆದುಕೊಂಡಳು. "ನಮ್ಮ ಮಂತ್ರಿ ಇದು ಗುಟ್ಟು ಅಂದಿದ್ದರು" ಅಂದಳು. ಅಷ್ಟೇ ಮಾತು. ಗಂಟೆ ಬಾರಿಸಿತು, ಒಳಗೆ ಹೋದರು.

ಬಾನ್_ಭಟ್ರು:
ಇದೇ! ನಾನು ಹೇಳಲು ಒದ್ದಾಡುತ್ತಿದ್ದದ್ದು ಇದನ್ನೇ. ಬರ್ಲಿನ್‌ನಲ್ಲಿ ಅಚ್ಚಾದ 2,000 ಮೀಟರ್ ಅನ್ನುವ ಅಂಕಿ ಇನ್ನೊಂದು ದೇಶದಲ್ಲಿ ಗುಟ್ಟಾಗಿ ಉಳಿಯಲು ಸಾಧ್ಯವೇ? ಒಂದು ಪಾರ್ಲಿಮೆಂಟು ಹೋರಾಡಿ ಪಡೆದ ಕಾಗದ ಮತ್ತೊಂದಕ್ಕೆ ಪ್ರಶ್ನೆ ಆಗುತ್ತದೆ. ಬಲ ಊರಿನಲ್ಲೇ ಇದೆ, ಒಪ್ಪುತ್ತೇನೆ. ಆದರೆ ಏನು ಕೇಳಬೇಕು ಅಂತ ಗೊತ್ತಾಗುವುದು ನಾಲ್ಕು ಜನ ಸೇರಿದಾಗ.

ದಾವಣಗೆರೆ_ನೇರಮಾತು:
ಸೌಂಡ್ ಅವರ ಮಾತು ಮನಸ್ಸಿಗೆ ತಾಗಿತು. ಆದರೂ ಕಾಫಿ ವಿರಾಮವನ್ನು ನಂಬಿಕೊಂಡು ವ್ಯವಸ್ಥೆ ಕಟ್ಟಬಾರದು. ಆ ಕಾಗದಗಳನ್ನು ಎಲ್ಲ ಪಾರ್ಲಿಮೆಂಟುಗಳೂ ಒಂದು ಕಡೆ ಹಾಕಲಿ. ಸಭೆ ಮಂತ್ರಿಗಳ ತೀರ್ಮಾನಕ್ಕೆ ಮೊದಲೇ ನಡೆಯಲಿ. ಡೆನ್ಮಾರ್ಕಿನ ಮಂತ್ರಿ ಬ್ರಸೆಲ್ಸ್‌ಗೆ ಹೋಗುವ ಮುಂಚೆ ತನ್ನ ಪಾರ್ಲಿಮೆಂಟಿನ ಸಮಿತಿ ಮುಂದೆ ನಿಂತು ಅಪ್ಪಣೆ ಪಡೆದು ಹೋಗುತ್ತಾನೆ ಎಂದು ಓದಿದ್ದೇನೆ. ಎಲ್ಲ ಕಡೆ ಹಾಗೆ ಆಗಲಿ. ಎಲ್ಲರೂ ಒಪ್ಪಬೇಕು ಅನ್ನುವ ನಿಯಮ ಇರುವವರೆಗೆ ಒಬ್ಬ ಮಂತ್ರಿಯ ಹಿಂದೆ ಗಟ್ಟಿಯಾಗಿ ನಿಂತ ಒಂದು ಪಾರ್ಲಿಮೆಂಟು ಸಾಕು.

ನೆದರ್‌ಲ್ಯಾಂಡ್ಸ್_ನಾಗೇಶ್:
ಆ ನಿಯಮದಿಂದಲೇ ಹಂಗೇರಿ ಒಂದೇ ದೇಶ ಶಾಂತಿ ನಿಧಿಯ ಹಣವನ್ನು ತಡೆಹಿಡಿದು ಕೂತದ್ದು. ಅದೂ ನೆನಪಿರಲಿ.

ಬ್ರಸೆಲ್ಸ್_ಬಸಣ್ಣ:
ಹಳೇ ಕಥೆ ಒಂದನ್ನು ಇಲ್ಲಿ ಹೇಳಲೇಬೇಕು. ಇದಕ್ಕಿಂತ ಗಟ್ಟಿಯಾದ ಸಭೆ ಒಂದಿತ್ತು. ಪಶ್ಚಿಮ ಯುರೋಪಿಯನ್ ಒಕ್ಕೂಟ ಅನ್ನುವ ರಕ್ಷಣಾ ಕೂಟಕ್ಕೆ ಪ್ಯಾರಿಸ್‌ನಲ್ಲಿ ತನ್ನದೇ ಎಂಪಿಗಳ ಸಭೆ, ಕಚೇರಿ, ಸಿಬ್ಬಂದಿ ಎಲ್ಲ ಇತ್ತು. ಮಂತ್ರಿಗಳು ಪ್ರತಿ ವರ್ಷ ಅದಕ್ಕೆ ವರದಿ ಕೊಡಲೇಬೇಕು ಅಂತ 1954ರ ಒಪ್ಪಂದದಲ್ಲೇ ಬರೆದಿತ್ತು. 2011ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಕೆಲಸವೆಲ್ಲ ಯುರೋಪಿಯನ್ ಒಕ್ಕೂಟಕ್ಕೆ ಬಂತು, ಆದರೆ ಆ ವರದಿ ಕೇಳುವ ಹಕ್ಕು ಎಲ್ಲಿಗೂ ಬರಲಿಲ್ಲ.

ಆ ಖಾಲಿ ಜಾಗಕ್ಕೇ ಈಗಿನ ಸಮ್ಮೇಳನ ಬಂದದ್ದು. ಅಲ್ಲೂ ಕುರ್ಚಿ ಜಗಳಕ್ಕೆ ಒಂದು ವರ್ಷ ಹೋಯಿತು. ಮೂರರಲ್ಲಿ ಒಂದು ಪಾಲು ನಮಗೆ ಬೇಕು ಅಂತ ಯುರೋಪಿಯನ್ ಪಾರ್ಲಿಮೆಂಟು. ನೀವೂ ಎಲ್ಲರ ಹಾಗೆ ಒಂದು ಅಂತ ದೇಶಗಳ ಪಾರ್ಲಿಮೆಂಟುಗಳು. ಕೊನೆಗೆ 16ಕ್ಕೆ ನಿಂತಿತು. ಆ ಒಂದು ವರ್ಷ ವರದಿಯ ಹಕ್ಕನ್ನು ಕೇಳಲು ಬಳಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಬೇಜಾರು.

ಮಂಡ್ಯ_ಲಾಯರ್:
ಮೇಷ್ಟ್ರೇ, ಮಕ್ಕಳಿಗೆ ಹತ್ತಿರದ ಉದಾಹರಣೆ ಬೇಕಾದರೆ ಜಿಎಸ್‌ಟಿ ಮಂಡಳಿ. ರಾಜ್ಯಗಳ ಮಂತ್ರಿಗಳು, ಕೇಂದ್ರದವರು ಸೇರಿ ದರ ತೀರ್ಮಾನ ಮಾಡುತ್ತಾರೆ. ಕೇಂದ್ರಕ್ಕೆ ಮತದ ಮೂರನೇ ಒಂದು ತೂಕ, ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಬೇಕು. ನಮ್ಮ ವಿಧಾನಸಭೆ ಆಮೇಲೆ ಕೇಳಬೇಕು, ಅದೂ ನಮ್ಮ ಮಂತ್ರಿಯನ್ನು ಮಾತ್ರ. ರಾಜ್ಯಗಳ ಶಾಸಕರು ಈ ವಿಷಯಕ್ಕೆ ಒಟ್ಟಿಗೆ ಸೇರುವ ಜಾಗ ಎಲ್ಲಿದೆ?

ತುಮಕೂರು_ಶೈಲಾ:
ತೆರಿಗೆಗೂ ಸೈನ್ಯಕ್ಕೂ ಹೋಲಿಕೆ ಸರಿಯಲ್ಲ ಲಾಯರ್ ಸಾರ್. ಅಲ್ಲಿ ಪ್ರಾಣದ ಪ್ರಶ್ನೆ.

ಮಂಡ್ಯ_ಲಾಯರ್:
ಪ್ರಾಣದ ಪ್ರಶ್ನೆ ಆದ್ದರಿಂದಲೇ ಇನ್ನೂ ಜಾಸ್ತಿ ಕೇಳಬೇಕು ಮೇಡಂ. ನಾನು ಹೇಳಿದ್ದು ರಚನೆಯ ಬಗ್ಗೆ.

ಕಾರವಾರ_ನೌಕಾಮನೆ:
ನಮ್ಮ ದೇಶದ ಮಾತು ಬಂತು ಅಂತ ಹೇಳುತ್ತೇನೆ. ನಮ್ಮಲ್ಲಿ ಸೈನ್ಯ ಕಳಿಸಲು, ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಮತ ಬೇಕಿಲ್ಲ. 2008ರ ಜುಲೈ 22ರ ಮತ ನೆನಪಿದೆಯಲ್ಲ, 275ಕ್ಕೆ 256. ಅಮೆರಿಕದ ಜೊತೆಗಿನ ಅಣು ಒಪ್ಪಂದದ ಗಲಾಟೆಯಿಂದ ಬಂದದ್ದು ನಿಜ, ಆದರೆ ಅದು ಸರ್ಕಾರದ ಮೇಲಿನ ವಿಶ್ವಾಸಮತ, ಒಪ್ಪಂದದ ಮೇಲಿನ ಮತ ಅಲ್ಲ.

ಹಾಗಂತ ನಮ್ಮ ಸಮಿತಿಗಳು ಏನೂ ಮಾಡಿಲ್ಲ ಅನ್ನಬೇಡಿ. 2024ರ ಮಾರ್ಚ್‌ನಲ್ಲಿ ಕಡಲ್ಗಳ್ಳರು ಹಿಡಿದಿದ್ದ ರುಯೆನ್ ಹಡಗನ್ನು ಐಎನ್‌ಎಸ್ ಕೋಲ್ಕತಾ ಬಿಡಿಸಿತು. 17 ಸಿಬ್ಬಂದಿ ಬದುಕಿ ಬಂದರು. 35 ಕಳ್ಳರನ್ನು ಮುಂಬೈಗೆ ತಂದರು. ಇಂಥವರ ವಿಚಾರಣೆಗೆ ನಮ್ಮಲ್ಲಿ ಈಗ 2022ರ ಕಡಲ್ಗಳ್ಳತನ ವಿರೋಧಿ ಕಾಯ್ದೆ ಇದೆ. ಅದರ ಮಸೂದೆ 2019ರಲ್ಲಿ ಬಂದಾಗ ನೇರ ಪಾಸಾಗಲಿಲ್ಲ. ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿ 2021ರಲ್ಲಿ ವರದಿ ಕೊಟ್ಟ ಮೇಲೆ ಮುಂದುವರಿದದ್ದು.

ಕುಂದಾಪ್ರ_ಸೀಮ್ಯಾನ್:
ರುಯೆನ್ ಬಿಡಿಸಿದ ದಿನ ನಾನು ರಜೆಯಲ್ಲಿ ಊರಲ್ಲಿದ್ದೆ. ಟಿವಿ ಮುಂದೆ ಅಮ್ಮ ನನ್ನ ಅಂಗೈ ಹಿಡಿದುಕೊಂಡು ಕೂತಿದ್ದರು, ಆ ಹಳೇ ಗೀರುಗಳ ಮೇಲೆ ಬೆರಳಾಡಿಸುತ್ತಾ. ಹದಿನಾಲ್ಕು ವರ್ಷದ ಮೇಲೆ ಅವತ್ತು ಮುಳ್ಳುತಂತಿಯ ಕಥೆ ಹೇಳಿದೆ.

ಭಟ್ರೇ, ಆ 1,400 ಅನ್ನುವ ಕಾಗದ ನನಗೂ ಬೇಕು. ನನ್ನ ಪಕ್ಕದಲ್ಲಿ ಬಂದ ಹಡಗು ಯಾರ ಮತದಿಂದ ಬಂತು ಅಂತ ನೋಡಬೇಕು.

ಹಾಸನದ_ಮೇಷ್ಟ್ರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ 2,000 ಮೀಟರಿನಿಂದಲೇ ಪಾಠ ಶುರು ಮಾಡುತ್ತೇನೆ. ಕಾಲೇಜಿನಿಂದ ಹೇಮಾವತಿ ಪ್ರತಿಮೆವರೆಗೆ ಸುಮಾರು ಅಷ್ಟೇ ದೂರ, ಮಕ್ಕಳಿಗೆ ಅಳತೆ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಆ ಹುಡುಗಿಯನ್ನೇ ಎಬ್ಬಿಸಿ ನೇರಮಾತು ಅವರ ವಾದ ಒಂದು ಕಡೆ, ಭಟ್ಟರ ವಾದ ಒಂದು ಕಡೆ ಬೋರ್ಡಿನ ಮೇಲೆ ಬರೆಸುತ್ತೇನೆ. ಭಟ್ರೇ, ಕಾಗದ ಜರ್ಮನ್‌ನಲ್ಲಿ ಇರುತ್ತದಲ್ಲ, ಆ ಎರಡು ಸಾಲನ್ನು ಕನ್ನಡ ಮಾಡಿಕೊಡುತ್ತೀರಾ?

ಬಾನ್_ಭಟ್ರು:
ಖಂಡಿತ ಮೇಷ್ಟ್ರೇ. ಭಾನುವಾರ ಸಂಜೆಯೊಳಗೆ ಇಲ್ಲೇ ಹಾಕುತ್ತೇನೆ, ಸೀಮ್ಯಾನ್ ಅವರಿಗೂ ಸೇರಿಸಿ.